ಅಡಿಯ ಗಾಳಿ, ಒಳಗಿನ ಶಾಖ: ಕೂಲಿಂಗ್ ಪ್ಯಾಡ್‌ನಿಂದ ಲ್ಯಾಪ್‌ಟಾಪ್ ತಣಿಯುವುದೆಷ್ಟು?

ಲ್ಯಾಪ್‌ಟಾಪಿನ ಅಡಿಗೆ ಇಡುವ ಕೂಲಿಂಗ್ ಪ್ಯಾಡ್ ಎಂಬ ಉಪಕರಣವನ್ನು ಮಾರುವವರು ಸಾಮಾನ್ಯವಾಗಿ ಎರಡು ಭರವಸೆಗಳನ್ನು ಒಟ್ಟಿಗೆ ಕೊಡುತ್ತಾರೆ. ಯಂತ್ರ ತಣ್ಣಗಾಗುತ್ತದೆ ಎಂಬುದು ಒಂದು, ಅದರೊಳಗಿನ ಫ್ಯಾನಿನ ಸದ್ದು ಅಡಗುತ್ತದೆ ಎಂಬುದು ಇನ್ನೊಂದು. ಬಿಸಿಯಾದಾಗಲೇ ಫ್ಯಾನು ಜೋರಾಗಿ ತಿರುಗುವುದರಿಂದ, ಬಿಸಿ ಇಳಿದರೆ ಸದ್ದೂ ತಾನಾಗಿ ಇಳಿಯಬೇಕೆಂದು ಕೊಳ್ಳುವವರು ಭಾವಿಸುವುದು ಸಹಜವೇ. ಆದರೆ ಈಚಿನ ಪ್ರೊಸೆಸರ್‌ಗಳು ನಡೆದುಕೊಳ್ಳುವ ಬಗೆಯನ್ನು ಗಮನಿಸಿದರೆ ಈ ಎರಡರ ಸಂಬಂಧ ಅಷ್ಟು ನೇರವಾಗಿಲ್ಲ. ಪ್ಯಾಡ್ ಒದಗಿಸಿದ ಅಷ್ಟಿಷ್ಟು ತಂಪನ್ನು ತಣ್ಣಗಿರಲು ಬಳಸಬೇಕೋ, ಸದ್ದಿಲ್ಲದೆ ಇರಲು ಬಳಸಬೇಕೋ, ಇನ್ನಷ್ಟು ವೇಗವಾಗಿ ಓಡಲು ಬಳಸಬೇಕೋ ಎಂಬುದನ್ನು ತೀರ್ಮಾನಿಸುವ ಅಧಿಕಾರ ಲ್ಯಾಪ್‌ಟಾಪಿನೊಳಗಿನ ನಿಯಂತ್ರಣ ವ್ಯವಸ್ಥೆಯ ಕೈಯಲ್ಲಿದ್ದು, ಪ್ಯಾಡಿಗೆ ಅದರಲ್ಲಿ ಯಾವ ಪಾತ್ರವೂ ಇರುವುದಿಲ್ಲ.

ಲ್ಯಾಪ್‌ಟಾಪ್ ಸೆಳೆದುಕೊಳ್ಳುವ ವಿದ್ಯುತ್ತಿನಲ್ಲಿ ಪರದೆಯ ಬೆಳಕಾಗಿ, ಸ್ಪೀಕರಿನ ದನಿಯಾಗಿ, ವೈಫೈ ಅಲೆಯಾಗಿ ಹೊರಬೀಳುವ ಚೂರುಪಾರನ್ನೂ ಬ್ಯಾಟರಿಯಲ್ಲಿ ಶೇಖರವಾಗುವುದನ್ನೂ ಬಿಟ್ಟರೆ ಉಳಿದದ್ದೆಲ್ಲ ಅಲ್ಲಿಯೇ ಶಾಖವಾಗುತ್ತದೆ. ಹಗುರವಾದ ಕಚೇರಿ ಬಳಕೆಯ ಯಂತ್ರಗಳ ಪ್ರೊಸೆಸರನ್ನು ಸಾಮಾನ್ಯವಾಗಿ 15 ಅಥವಾ 28 ವ್ಯಾಟ್‌ಗಳ ಮಟ್ಟಕ್ಕೆ ರೂಪಿಸಿರುತ್ತಾರೆ. ವಿಡಿಯೊ ಸಂಕಲನ, ಎಂಜಿನಿಯರಿಂಗ್ ವಿನ್ಯಾಸದಂಥ ಭಾರಿ ಕೆಲಸಗಳಿಗೆಂದು ಮಾಡಿದವುಗಳಲ್ಲಿ ಅದು 45 ವ್ಯಾಟ್ ಮುಟ್ಟುತ್ತದೆ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸ್ ಚಿಪ್ ಒಂದೇ 100 ವ್ಯಾಟ್ ದಾಟುವುದುಂಟು. ಇಷ್ಟು ಶಾಖ ಹುಟ್ಟುವುದು ಒಂದೆರಡು ಚದರ ಸೆಂಟಿಮೀಟರ್ ವಿಸ್ತೀರ್ಣದ ಸಿಲಿಕಾನ್ ತುಣುಕಿನಲ್ಲಿ, ಆದ್ದರಿಂದ ಅದನ್ನು ಹುಟ್ಟಿದ ಜಾಗದಿಂದ ಎತ್ತಿ ಗಾಳಿಗೆ ಒಪ್ಪಿಸುವುದೇ ಲ್ಯಾಪ್‌ಟಾಪ್ ತಂಪುಗೊಳಿಸುವ ವ್ಯವಸ್ಥೆಯ ಇಡೀ ಕೆಲಸ.

ಆ ಶಾಖ ಸಾಗುವ ದಾರಿಯಲ್ಲಿ ಹಲವು ಹಂತಗಳಿವೆ. ಚಿಪ್ಪಿನ ಮೇಲೆ ತೆಳ್ಳಗೆ ಹಚ್ಚಿದ ಥರ್ಮಲ್ ಪೇಸ್ಟ್, ಅಂದರೆ ಎರಡು ಗಟ್ಟಿ ಮೇಲ್ಮೈಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿ ಉಳಿಯದಂತೆ ತುಂಬುವ ಲೇಪ, ಶಾಖವನ್ನು ತಾಮ್ರದ ತಗಡಿಗೆ ದಾಟಿಸುತ್ತದೆ. ತಗಡಿಗೆ ಬೆಸೆದ ಹೀಟ್ ಪೈಪ್ ಅದನ್ನು ಯಂತ್ರದ ಅಂಚಿಗೆ ಒಯ್ಯುತ್ತದೆ. ಹೊರನೋಟಕ್ಕೆ ತಾಮ್ರದ ಚಪ್ಪಟೆ ಸಲಾಕೆಯಂತೆ ಕಾಣುವ ಈ ಹೀಟ್ ಪೈಪ್ ಒಳಗೆ ಪೊಳ್ಳಾಗಿದ್ದು, ಗಾಳಿಯನ್ನು ತೆಗೆದು ಸ್ವಲ್ಪವೇ ನೀರು ತುಂಬಿ ಮುಚ್ಚಿದ ಕೊಳವೆಯಾಗಿರುತ್ತದೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ ತಣ್ಣನೆಯ ತುದಿಗೆ ಧಾವಿಸಿ, ಅಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗಿ, ಒಳಗೋಡೆಯ ಸೂಕ್ಷ್ಮ ರಂಧ್ರಗಳ ಪದರದ ಮೂಲಕ ಹಿಂದಕ್ಕೆ ಹೀರಿಕೊಳ್ಳಲ್ಪಡುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ 1963ರಲ್ಲಿ ಜಾರ್ಜ್ ಗ್ರೋವರ್ ತಯಾರಿಸಿ ತೋರಿಸಿದ ಈ ಸಾಧನ ಮೊದಲು ಬಾಹ್ಯಾಕಾಶ ಯಂತ್ರಗಳ ಕೆಲಸಕ್ಕೆ ಬಂದು, ಆಮೇಲೆ ಲ್ಯಾಪ್‌ಟಾಪಿನೊಳಗೆ ನೆಲೆಯೂರಿತು. ಕೊಳವೆಯ ತಣ್ಣನೆಯ ತುದಿಗೆ ಒತ್ತೊತ್ತಾಗಿ ಜೋಡಿಸಿದ ತೆಳು ಲೋಹದ ಹಾಳೆಗಳಿದ್ದು, ಅವುಗಳ ನಡುವೆ ಫ್ಯಾನು ಗಾಳಿಯನ್ನು ನೂಕುತ್ತದೆ. ಬಹುತೇಕ ಯಂತ್ರಗಳಲ್ಲಿ ಆ ಗಾಳಿ ಒಳಬರುವುದು ಅಡಿಯ ಕಿಂಡಿಗಳಿಂದ, ಹೊರಹೋಗುವುದು ಹಿಂಬದಿಯ ಕೀಲಿನ ಬಳಿಯಿಂದ ಅಥವಾ ಪಕ್ಕದಿಂದ.

ಇದಕ್ಕೆ ಬೇಕಾಗುವ ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಲೀಟರ್ ಗಾಳಿಯ ಉಷ್ಣಾಂಶವನ್ನು ಒಂದು ಡಿಗ್ರಿ ಏರಿಸಲು ಸುಮಾರು 1.2 ಜೂಲ್ ಶಕ್ತಿ ಸಾಕು. ಆದ್ದರಿಂದ ಒಳಹೊಕ್ಕ ಗಾಳಿ 15 ಡಿಗ್ರಿಯಷ್ಟು ಬಿಸಿಯಾಗಿ ಹೊರಬರುವುದಾದರೆ ಪ್ರತಿ ಲೀಟರ್ 18 ಜೂಲ್ ಹೊತ್ತೊಯ್ಯುತ್ತದೆ, ಮತ್ತು 45 ವ್ಯಾಟ್ ಶಾಖವನ್ನು ಸಾಗಿಸಲು ಸೆಕೆಂಡಿಗೆ ಎರಡೂವರೆ ಲೀಟರ್ ಗಾಳಿ ಬೇಕು. ಈ ಪ್ರಮಾಣ ದೊಡ್ಡದೇನಲ್ಲ, ಆದರೆ ಅದು ಒಳಹೋಗಬೇಕಾದ ದಾರಿ ತೀರ ಇಕ್ಕಟ್ಟಾದದ್ದು. ಅಡಿಯ ರಬ್ಬರ್ ಪಾದಗಳು ಯಂತ್ರವನ್ನು ಮೇಜಿನಿಂದ ಎತ್ತಿ ಹಿಡಿಯುವುದು ಕೆಲವೇ ಮಿಲಿಮೀಟರ್‌ಗಳಷ್ಟು. ಫ್ಯಾನು ಎಲ್ಲ ಗಾಳಿಯನ್ನೂ ಈ ಸಂದಿನಲ್ಲಿ ನುಗ್ಗಿಸಿ, ಆಮೇಲೆ ಕಿಂಡಿಯ ಜಾಲರಿಯಲ್ಲಿ ತೂರಿಸಿ ಸೆಳೆದುಕೊಳ್ಳಬೇಕು. ಜೊತೆಗೆ, ಹಿಂಬದಿಯಿಂದ ಹೊರಬಿದ್ದ ಬಿಸಿಗಾಳಿ ತೆರೆದ ಪರದೆಗೋ ಗೋಡೆಗೋ ತಾಗಿ ಕೆಳಕ್ಕೆ ಹೊರಳಿ, ಮತ್ತೆ ಅದೇ ಸಂದಿನ ಮೂಲಕ ಒಳನುಗ್ಗುವುದೂ ಇದೆ. ಹೀಗಾದಾಗ ಕೋಣೆಯ ಉಷ್ಣಾಂಶ 30 ಡಿಗ್ರಿ ಇದ್ದರೂ ಫ್ಯಾನಿಗೆ ಸಿಗುವ ಗಾಳಿ ಅದಕ್ಕಿಂತ ಹಲವು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ.

ಕೂಲಿಂಗ್ ಪ್ಯಾಡಿಗೆ ಕೆಲಸವಿರುವುದು ಈ ಕೊನೆಯ ಹಂತದಲ್ಲಿ ಮಾತ್ರ. ಚಿಪ್ಪಿನಿಂದ ಪೇಸ್ಟಿಗೆ, ಪೇಸ್ಟಿನಿಂದ ತಾಮ್ರಕ್ಕೆ, ತಾಮ್ರದಿಂದ ಕೊಳವೆಗೆ, ಕೊಳವೆಯಿಂದ ಲೋಹದ ಹಾಳೆಗಳಿಗೆ ಶಾಖ ದಾಟುವಾಗ ಪ್ರತಿ ಹಂತದಲ್ಲೂ ಒಂದಿಷ್ಟು ತಡೆ ಇದ್ದೇ ಇರುತ್ತದೆ, ಪ್ರತಿ ತಡೆಯೂ ಚಿಪ್ಪಿನ ಉಷ್ಣಾಂಶಕ್ಕೆ ಕೆಲವು ಡಿಗ್ರಿಗಳನ್ನು ಸೇರಿಸುತ್ತದೆ, ಮತ್ತು ಹೊರಗಿನಿಂದ ಎಷ್ಟೇ ಗಾಳಿ ಬೀಸಿದರೂ ಈ ಒಳತಡೆಗಳು ಕದಲುವುದಿಲ್ಲ. ಪ್ರೊಸೆಸರ್ 95 ಡಿಗ್ರಿಯಲ್ಲಿ, ಕೋಣೆ 30 ಡಿಗ್ರಿಯಲ್ಲಿ ಇದೆ ಎಂದಿಟ್ಟುಕೊಂಡರೆ ನಡುವಿನ ಅಂತರ 65 ಡಿಗ್ರಿ. ಆ ಪೈಕಿ ಬಿಸಿಗಾಳಿಯ ಮರುಪ್ರವೇಶದಿಂದ ಆದದ್ದು ಐದು ಡಿಗ್ರಿಯಾಗಿದ್ದರೆ, ಪ್ಯಾಡ್ ತಾಜಾ ಗಾಳಿ ಒದಗಿಸಿ ಆ ಐದನ್ನು ಕಳೆಯಬಹುದು. ಗಾಳಿಯ ಹರಿವು ಹೆಚ್ಚಿದ್ದರಿಂದ ಇನ್ನೆರಡು ಡಿಗ್ರಿ ಇಳಿಯಲೂಬಹುದು. ಉಳಿದದ್ದು ಚಿಪ್ಪಿಗೂ ಲೋಹದ ಹಾಳೆಗಳಿಗೂ ನಡುವಿನ ವ್ಯವಹಾರ. ಸಾಮಾನ್ಯ ದರದ ಪ್ಯಾಡುಗಳಿಂದ ಬಹುತೇಕ ಯಂತ್ರಗಳಲ್ಲಿ ಕಾಣುವ ಇಳಿಕೆ ಒಂದಂಕಿಯಲ್ಲೇ ನಿಲ್ಲುವುದಕ್ಕೆ ಕಾರಣ ಇದು.

ಪ್ಯಾಡಿನ ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಸರಿಸುತ್ತದೆ ಅಷ್ಟೇ. ಮನುಷ್ಯನಿಗೆ ಫ್ಯಾನಿನ ಗಾಳಿ ತಂಪೆನಿಸುವುದು ಮೈಯ ಬೆವರು ಆರುವುದರಿಂದ. ಬೆವರದ ಯಂತ್ರಕ್ಕೆ ಆ ಸೌಲಭ್ಯ ಇಲ್ಲ, ಆದ್ದರಿಂದ ಕೋಣೆಯ ಗಾಳಿಯ ಉಷ್ಣಾಂಶ ಎಷ್ಟೋ ಅದಕ್ಕಿಂತ ಕೆಳಗೆ ಯಾವ ಪ್ಯಾಡೂ ಲ್ಯಾಪ್‌ಟಾಪನ್ನು ಇಳಿಸಲಾರದು. ಆಪಲ್ ಸಂಸ್ಥೆ ತನ್ನ ಮ್ಯಾಕ್‌ಬುಕ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಬಳಸಬೇಕೆಂದು ಸೂಚಿಸುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಎ.ಸಿ. ಇಲ್ಲದ ಕೋಣೆಯೊಳಗಿನ ಲ್ಯಾಪ್‌ಟಾಪ್ ಆ ಮಿತಿಯನ್ನು ಮೀರಿಯೇ ಕೆಲಸ ಮಾಡುತ್ತಿರುತ್ತದೆ. ಕೋಣೆ ಹತ್ತು ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಹೊರೆ ಅಷ್ಟೇ ಇರುವಾಗ, ಚಿಪ್ಪೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಮೇಲೆಯೇ ಇರುತ್ತದೆ. ಅಂಥಲ್ಲಿ ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಪ್ಯಾಡ್ ಹಾಕಿ ಕೂರುವುದಕ್ಕಿಂತ, ಯಂತ್ರವನ್ನು ಮನೆಯ ತಂಪು ಮೂಲೆಗೆ ಒಯ್ಯುವುದು ಹೆಚ್ಚು ಫಲಕಾರಿ.

ಹಾಸಿಗೆ, ಸೋಫಾ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಬಳಸುವವರ ಸಂಗತಿ ಬೇರೆ. ಮೆತ್ತನೆಯ ಬಟ್ಟೆ ಅಡಿಯ ಕಿಂಡಿಗಳನ್ನು ಮುಚ್ಚಿಬಿಡುವುದರಿಂದ ಫ್ಯಾನು ಎಷ್ಟು ವೇಗವಾಗಿ ತಿರುಗಿದರೂ ಗಾಳಿ ಸಿಗುವುದಿಲ್ಲ, ಅಲ್ಲಿ ಪ್ಯಾಡ್ ಇಟ್ಟ ಕೂಡಲೇ ಉಷ್ಣಾಂಶ ಗಣನೀಯವಾಗಿ ಇಳಿಯುತ್ತದೆ. ಆದರೆ ಆ ಶ್ರೇಯಸ್ಸಿನ ದೊಡ್ಡ ಪಾಲು ಪ್ಯಾಡಿನ ಫ್ಯಾನಿಗೆ ಸಲ್ಲುವುದಲ್ಲ, ಗಟ್ಟಿಯಾದ ಹಲಗೆಯೊಂದು ಯಂತ್ರವನ್ನು ಬಟ್ಟೆಯಿಂದ ಎತ್ತಿ ಹಿಡಿದದ್ದಕ್ಕೆ ಸಲ್ಲುವಂಥದ್ದು. ಮೇಜಿನ ಮೇಲೂ ಹೀಗೆಯೇ: ಯಂತ್ರದ ಹಿಂಬದಿಯನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸುವ ಸರಳ ಸ್ಟ್ಯಾಂಡ್, ಅಥವಾ ಕಿಂಡಿಗೆ ಅಡ್ಡ ಬಾರದಂತೆ ಅಂಚಿಗೆ ಇಟ್ಟ ಒಂದು ದಪ್ಪ ಪುಸ್ತಕ, ಸಾಮಾನ್ಯ ಪ್ಯಾಡಿನ ಪ್ರಯೋಜನದ ಬಹುಭಾಗವನ್ನು ಯಾವ ಸದ್ದೂ ಇಲ್ಲದೆ ಕೊಡುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಪ್ಯಾಡುಗಳೆಲ್ಲ ಒಂದೇ ಜಾತಿಯವಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಹೆಚ್ಚಾಗಿ ಕಾಣುವುದು ಲೋಹದ ಜಾಲರಿಯ ಕೆಳಗೆ ಎರಡರಿಂದ ಆರು ಫ್ಯಾನುಗಳನ್ನು ಕೂರಿಸಿ, ನೀಲಿಯದೋ ಕೆಂಪಿನದೋ ಎಲ್‌ಇಡಿ ದೀಪ ಹಚ್ಚಿದ ತೆರೆದ ಮಾದರಿ. ಇವು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಯಿಂದಲೇ ವಿದ್ಯುತ್ ಪಡೆಯುತ್ತವೆ. ಹಳೆಯ ಯುಎಸ್‌ಬಿ 2.0 ಮಾನದಂಡದ ಪ್ರಕಾರ ಅಲ್ಲಿ ದೊರೆಯುವುದು ಹೆಚ್ಚೆಂದರೆ ಎರಡೂವರೆ ವ್ಯಾಟ್, ಯುಎಸ್‌ಬಿ 3.0ರಲ್ಲಿ ನಾಲ್ಕೂವರೆ ವ್ಯಾಟ್, ಅದರಲ್ಲೂ ಒಂದು ಪಾಲನ್ನು ದೀಪಗಳು ತಿಂದುಹಾಕುತ್ತವೆ. ಇಷ್ಟರಲ್ಲಿ ತಿರುಗುವ ಅಗಲವಾದ ಫ್ಯಾನು ತೆರೆದ ಜಾಗದಲ್ಲಿ ಸಾಕಷ್ಟು ಗಾಳಿ ಸರಿಸಬಲ್ಲದಾದರೂ, ತಡೆಯೆದುರು ಗಾಳಿಯನ್ನು ಒತ್ತಿ ನುಗ್ಗಿಸುವ ಬಲ, ಎಂಜಿನಿಯರುಗಳು ಸ್ಥಿರ ಒತ್ತಡ ಎನ್ನುವುದು, ಅದಕ್ಕೆ ತೀರ ಕಡಿಮೆ. ಹಾಗಾಗಿ ಮೇಲಕ್ಕೆ ಚಿಮ್ಮಿದ ಗಾಳಿ ಲ್ಯಾಪ್‌ಟಾಪಿನ ಅಡಿಯ ಪ್ಲಾಸ್ಟಿಕ್ಕಿಗೆ ಬಡಿದು ನಾಲ್ಕೂ ಕಡೆ ಚದುರಿಹೋಗುತ್ತದೆ, ಕಿಂಡಿಯೊಳಗೆ ಹೋಗುವುದು ಅದರ ಸಣ್ಣ ಅಂಶ ಮಾತ್ರ. ಪ್ಯಾಡಿನ ಫ್ಯಾನುಗಳು ಯಂತ್ರದ ಕಿಂಡಿಗಳಿಗೆ ಎದುರಾಗಿಲ್ಲದಿದ್ದರೆ ಆ ಅಂಶವೂ ಇಲ್ಲ. ಆರು ಫ್ಯಾನುಗಳ ಪ್ಯಾಡು ಎರಡು ಫ್ಯಾನುಗಳದ್ದಕ್ಕಿಂತ ಮೂರು ಪಟ್ಟು ಮೇಲು ಎಂಬ ಅಂಗಡಿ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡನೆಯ ಮಾದರಿ ಈಚಿನದು, ಮತ್ತು ನಿಜವಾದ ಅರ್ಥದಲ್ಲಿ ಪ್ರಬಲವಾದದ್ದು. ಇದರಲ್ಲಿ ದೊಡ್ಡ ಫ್ಯಾನು ಅಥವಾ ಬ್ಲೋವರ್ ಇದ್ದು, ಸುತ್ತ ಮೆತ್ತನೆಯ ಫೋಮಿನ ಕಟ್ಟು ಇರುತ್ತದೆ; ಲ್ಯಾಪ್‌ಟಾಪನ್ನು ಅದರ ಮೇಲೆ ಇಟ್ಟಾಗ ಅದರ ಭಾರಕ್ಕೇ ಫೋಮು ಅದುಮಿಕೊಂಡು, ಅಡಿಯ ಕಿಂಡಿಗಳ ಸುತ್ತ ಗಾಳಿ ಸೋರದ ಕೋಣೆಯೊಂದು ಏರ್ಪಡುತ್ತದೆ. ರೇಜರ್ ಕಂಪನಿ 2024ರಲ್ಲಿ ಹೊರತಂದ ಪ್ಯಾಡಿನಲ್ಲಿ ನಿಮಿಷಕ್ಕೆ 3000 ಸುತ್ತಿನವರೆಗೆ ತಿರುಗಬಲ್ಲ 140 ಮಿಲಿಮೀಟರಿನ ಫ್ಯಾನು ಇದ್ದು, ಬೇರೆ ಬೇರೆ ಅಳತೆಯ ಯಂತ್ರಗಳಿಗೆ ಬದಲಿಸಿ ಹಾಕಬಹುದಾದ ಫೋಮಿನ ಚೌಕಟ್ಟುಗಳಿವೆ. ಚೀನಾದ ಹಲವು ತಯಾರಕರು ಇದಕ್ಕೂ ಮುಂಚೆಯೇ ಇಂಥವನ್ನು ಮಾರುತ್ತಿದ್ದರು. ಬೀಸಿದ ಗಾಳಿಗೆ ಹೋಗಲು ಬೇರೆ ದಾರಿಯೇ ಇಲ್ಲದಿರುವುದರಿಂದ ಅದು ಲ್ಯಾಪ್‌ಟಾಪಿನ ಲೋಹದ ಹಾಳೆಗಳ ನಡುವೆ ನುಗ್ಗಲೇಬೇಕು, ಮತ್ತು 100 ವ್ಯಾಟ್ ಮೀರಿದ ಗೇಮಿಂಗ್ ಯಂತ್ರಗಳಲ್ಲಿ ಇದರಿಂದ ಹತ್ತು ಡಿಗ್ರಿಗೂ ಮೀರಿದ ಇಳಿಕೆ ಸಿಗಬಲ್ಲದು. ಆದರೆ ಇವು ತಮ್ಮದೇ ಅಡಾಪ್ಟರಿನಿಂದ ವಿದ್ಯುತ್ ಪಡೆಯುವ, ಗಾತ್ರದಲ್ಲಿ ಲ್ಯಾಪ್‌ಟಾಪಿಗಿಂತ ದಪ್ಪನಾದ, ಪೂರ್ಣ ವೇಗದಲ್ಲಿ ಲ್ಯಾಪ್‌ಟಾಪಿನ ಫ್ಯಾನನ್ನೇ ಮುಳುಗಿಸುವಷ್ಟು ಸದ್ದು ಮಾಡುವ ವಸ್ತುಗಳು. ತಂಪಿನ ಭರವಸೆಯನ್ನು ಚೆನ್ನಾಗಿ ಈಡೇರಿಸುವ ಪ್ಯಾಡೇ ಸದ್ದಿನ ಭರವಸೆಯನ್ನು ಎಲ್ಲಕ್ಕಿಂತ ಹೆಚ್ಚು ಮುರಿಯುತ್ತದೆ.

ಪ್ಯಾಡ್ ಇಟ್ಟ ಮೇಲೂ ಪರದೆಯಲ್ಲಿ ಅದೇ 95 ಡಿಗ್ರಿ ಕಾಣಿಸುತ್ತಿದೆ, ದುಡ್ಡು ದಂಡವಾಯಿತು ಎಂಬ ದೂರು ಸಾಮಾನ್ಯವಾಗಿ ಕೇಳಿಬರುತ್ತದೆ. ಈ ದೂರಿಗೆ ಕಾರಣವಾದ ವಿದ್ಯಮಾನವೇ ಇಡೀ ವಿಷಯದ ಕೀಲಿ. ಇಂಟೆಲ್ ಕಂಪನಿ 2008ರಲ್ಲಿ ನೆಹಾಲೆಮ್ ಪೀಳಿಗೆಯ ಪ್ರೊಸೆಸರುಗಳೊಂದಿಗೆ ಟರ್ಬೊ ಬೂಸ್ಟ್ ಎಂಬ ಏರ್ಪಾಡನ್ನು ತಂದಿತು. ಚಿಪ್ಪಿನ ಉಷ್ಣಾಂಶ ಮತ್ತು ವಿದ್ಯುತ್ ಬಳಕೆ ನಿಗದಿತ ಮಿತಿಯೊಳಗೆ ಇರುವ ತನಕ ಅದು ತನ್ನ ಮೂಲ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಬಹುದು ಎಂಬುದು ಇದರ ತಿರುಳು. ಎಎಮ್‌ಡಿ ಕಂಪನಿಯ ಚಿಪ್ಪುಗಳಲ್ಲೂ ಇಂಥದೇ ವ್ಯವಸ್ಥೆ ಇದೆ. ಉಷ್ಣಾಂಶ ತಯಾರಕರು ಗೊತ್ತುಪಡಿಸಿದ ಗರಿಷ್ಠ ಮಟ್ಟಕ್ಕೆ, ಹೆಚ್ಚಿನ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ 95ರಿಂದ 105 ಡಿಗ್ರಿಯ ಆಸುಪಾಸಿಗೆ, ತಲುಪಿದಾಗ ಚಿಪ್ಪು ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಇದನ್ನು ಥರ್ಮಲ್ ಥ್ರಾಟ್ಲಿಂಗ್ ಎನ್ನುತ್ತಾರೆ. ಭಾರಿ ಹೊರೆಯಲ್ಲಿರುವ ತೆಳು ಲ್ಯಾಪ್‌ಟಾಪ್ ಬಹಳ ಹೊತ್ತು ಈ ಗಡಿಗೆ ಆತುಕೊಂಡೇ ಓಡುತ್ತಿರುತ್ತದೆ. ಅಡಿಗೆ ಪ್ಯಾಡ್ ಇಟ್ಟು ಐದು ಡಿಗ್ರಿಯ ಅವಕಾಶ ಕೊಟ್ಟರೆ, ಚಿಪ್ಪು ಆ ಅವಕಾಶವನ್ನು ತಣ್ಣಗಿರಲು ಉಳಿಸಿಕೊಳ್ಳದೆ, ಒಂದಿಷ್ಟು ವೇಗ ಹೆಚ್ಚಿಸಿಕೊಂಡು ಮತ್ತೆ ಅದೇ ಗಡಿಗೆ ಬಂದು ನಿಲ್ಲುತ್ತದೆ. ಸಂಬಳ ಏರಿದಷ್ಟೂ ಖರ್ಚು ಏರಿಸಿಕೊಂಡು ತಿಂಗಳ ಕೊನೆಗೆ ಮತ್ತೆ ಕೈ ಖಾಲಿ ಮಾಡಿಕೊಳ್ಳುವ ಗೃಹಸ್ಥನ ರೀತಿ ಇದು. ಉಷ್ಣಾಂಶ ಇಳಿಯಲಿಲ್ಲ, ಫ್ಯಾನಿನ ಸದ್ದೂ ಇಳಿಯಲಿಲ್ಲ, ಆದರೂ ಪ್ಯಾಡ್ ಕೆಲಸ ಮಾಡಿದೆ. ಅದರ ಫಲ ವಿಡಿಯೊ ಒಂದು ನಿಮಿಷ ಬೇಗ ತಯಾರಾದದ್ದರಲ್ಲೋ, ಆಟದ ಚಿತ್ರಗಳು ಇನ್ನೂ ಸರಾಗವಾಗಿ ಚಲಿಸಿದ್ದರಲ್ಲೋ ಸೇರಿಹೋಗಿರುತ್ತದೆ.

ಕೆಲವು ಯಂತ್ರಗಳಲ್ಲಿ ವೇಗಕ್ಕೆ ಕಡಿವಾಣ ಹಾಕುವುದು ಚಿಪ್ಪಿನ ಒಳ ಉಷ್ಣಾಂಶವಲ್ಲ, ಹೊರಕವಚದ್ದು. ಎಎಮ್‌ಡಿಯ ಸ್ಟಾಪ್ಮ್ ಎಂಬ ವಿಧಾನ ಯಂತ್ರದ ಮೈ ಮುಟ್ಟಲಾಗದಷ್ಟು ಬಿಸಿಯಾಗದಂತೆ ಅಂದಾಜು ಮಾಡಿ ವಿದ್ಯುತ್ತನ್ನು ಮಿತಗೊಳಿಸುತ್ತದೆ. ಬೇರೆ ತಯಾರಕರು ಕವಚದ ಬಳಿ ಉಷ್ಣ ಸಂವೇದಕ ಕೂರಿಸಿ ಇದನ್ನೇ ಸಾಧಿಸುತ್ತಾರೆ. ಸಂವೇದಕವಿರುವ ಯಂತ್ರಗಳ ಅಡಿಯ ಕವಚಕ್ಕೆ ಗಾಳಿ ಬೀಸಿದರೆ, ಆ ಗಾಳಿ ಒಳಹೊಗದಿದ್ದರೂ, ಸಂವೇದಕ ತಂಪನ್ನು ವರದಿ ಮಾಡಿ ಚಿಪ್ಪಿಗೆ ಸಡಿಲ ಸಿಗುತ್ತದೆ.

ಸದ್ದಿನ ಲೆಕ್ಕಕ್ಕೆ ಬಂದರೆ, ಫ್ಯಾನುಗಳ ಬಗ್ಗೆ ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತ ಬಂದ ನಿಯಮಗಳ ಪ್ರಕಾರ ಗಾಳಿಯ ಪ್ರಮಾಣ ತಿರುಗುವ ವೇಗಕ್ಕೆ ಅನುಗುಣವಾಗಿ, ಒತ್ತಡ ವೇಗದ ವರ್ಗಕ್ಕೆ, ಬೇಕಾಗುವ ವಿದ್ಯುತ್ ವೇಗದ ಘನಕ್ಕೆ ಅನುಗುಣವಾಗಿ ಏರುತ್ತವೆ. ಸದ್ದು ಇನ್ನೂ ಕಡಿದಾಗಿ ಏರುತ್ತದೆ, ವೇಗ ಇಮ್ಮಡಿಯಾದರೆ ಅದು ಸುಮಾರು 15 ಡೆಸಿಬೆಲ್ ಹೆಚ್ಚುತ್ತದೆ. ಡೆಸಿಬೆಲ್ ಎಂಬುದು ಸದ್ದನ್ನು ಗುಣಕಗಳಲ್ಲಿ ಅಳೆಯುವ ಮಾನವಾದ್ದರಿಂದ, ಹತ್ತು ಡೆಸಿಬೆಲ್ ಏರಿಕೆ ಕಿವಿಗೆ ಸರಿಸುಮಾರು ದುಪ್ಪಟ್ಟು ಜೋರಾಗಿ ಕೇಳಿಸುತ್ತದೆ. ಇದರ ಇನ್ನೊಂದು ಮಗ್ಗುಲು ಆಶಾದಾಯಕವಾದದ್ದು: ಫ್ಯಾನಿನ ವೇಗ ಶೇ 20ರಷ್ಟು ಇಳಿದರೆ ಸಾಕು, ಸುಮಾರು ಐದು ಡೆಸಿಬೆಲ್ ಕಡಿಮೆಯಾಗಿ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತದೆ. ಬ್ರೌಸರ್, ಪದಸಂಸ್ಕರಣೆ, ಆನ್‌ಲೈನ್ ತರಗತಿಯಂಥ ಮಧ್ಯಮ ಹೊರೆಯಲ್ಲಿ ಯಂತ್ರ ತನ್ನ ಉಷ್ಣದ ಗಡಿಯಿಂದ ದೂರವಿದ್ದು, ಫ್ಯಾನಿನ ವೇಗ ಉಷ್ಣಾಂಶವನ್ನು ಅನುಸರಿಸಿ ಏರಿಳಿಯುತ್ತಿರುತ್ತದೆ. ಪ್ಯಾಡಾಗಲಿ ಸ್ಟ್ಯಾಂಡಾಗಲಿ ಒಳ ಫ್ಯಾನಿನ ಸದ್ದನ್ನು ನಿಜವಾಗಿ ಇಳಿಸಬಲ್ಲದ್ದು ಇಂಥ ಹೊತ್ತಿನಲ್ಲೇ.

ಆದರೆ ಪ್ಯಾಡಿಗೂ ತನ್ನದೇ ಸದ್ದು ಇದೆ ಎಂಬುದನ್ನು ಮರೆಯುವಂತಿಲ್ಲ. ಸಮಾನ ಪ್ರಮಾಣದ ಎರಡು ಸದ್ದುಗಳು ಸೇರಿದರೆ ಒಟ್ಟು ಮೂರು ಡೆಸಿಬೆಲ್ ಏರುತ್ತದೆ. ಒಂದು ಇನ್ನೊಂದಕ್ಕಿಂತ ಹತ್ತು ಡೆಸಿಬೆಲ್ ಕಡಿಮೆ ಇದ್ದರೆ ಅದು ಸೇರಿದ್ದೇ ತಿಳಿಯುವುದಿಲ್ಲ. ದೊಡ್ಡ ವ್ಯಾಸದ ಫ್ಯಾನು ನಿಧಾನವಾಗಿ ತಿರುಗಿಯೂ ಅಷ್ಟೇ ಗಾಳಿ ಸರಿಸಬಲ್ಲದಾದ್ದರಿಂದ ಅದರ ಸದ್ದು ತಗ್ಗುದನಿಯ ಗುಂಯ್‌ಗುಡುವಿಕೆಯಾಗಿರುತ್ತದೆ, ಲ್ಯಾಪ್‌ಟಾಪಿನೊಳಗಿನ ಪುಟ್ಟ ಫ್ಯಾನಿನದ್ದು ಏರುಶ್ರುತಿಯ ಕೀರಲು. ಒಟ್ಟು ಡೆಸಿಬೆಲ್ ಇಳಿಯದಿದ್ದರೂ ಕೀರಲು ದನಿ ಹೋಗಿ ಸಮನಾದ ಗಾಳಿಯ ಸದ್ದು ಉಳಿದರೆ ಬಹಳ ಮಂದಿಗೆ ಅದೇ ಹಿತವೆನಿಸುತ್ತದೆ, ಮತ್ತು ಕಿರಿಕಿರಿ ಹುಟ್ಟಿಸುವುದು ಸದ್ದಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದು ಅರ್ಧ ನಿಮಿಷಕ್ಕೊಮ್ಮೆ ಏರಿ ಇಳಿಯುವುದು ಎಂಬುದನ್ನು ರಾತ್ರಿ ಕೂತು ಕೆಲಸ ಮಾಡುವ ಯಾರಾದರೂ ಒಪ್ಪುತ್ತಾರೆ. ಫ್ಯಾನಿನ ಸದ್ದನ್ನು ತಯಾರಕರೂ ಸಹಿಸದ ಉದಾಹರಣೆ ಇದೆ: 1980ರಲ್ಲಿ ಬಂದ ಆಪಲ್ 3 ಎಂಬ ಮೇಜು ಕಂಪ್ಯೂಟರಿನಲ್ಲಿ ಫ್ಯಾನೇ ಇರಕೂಡದೆಂದು ಸ್ಟೀವ್ ಜಾಬ್ಸ್ ಪಟ್ಟು ಹಿಡಿದಿದ್ದರು. ಒಳಗಿನ ಬಿಸಿಯಿಂದಾಗಿ ಚಿಪ್ಪುಗಳು ತಮ್ಮ ಕುಳಿಗಳಲ್ಲಿ ಸಡಿಲಗೊಂಡ ಆ ಯಂತ್ರ ಕೆಟ್ಟ ಹೆಸರು ಪಡೆದು ಮೂಲೆ ಸೇರಿತು.

ಒಳಗಿನ ತಡೆಗಳನ್ನು ಪ್ಯಾಡ್ ಮುಟ್ಟಲಾರದು ಎಂದ ಮೇಲೆ ಅವನ್ನು ಮುಟ್ಟುವ ಉಪಾಯಗಳೇನು ಎಂಬುದನ್ನು ನೋಡಬೇಕು. ಎರಡು ಮೂರು ವರ್ಷ ಬಳಸಿದ ಲ್ಯಾಪ್‌ಟಾಪಿನ ಅಡಿಯ ಮುಚ್ಚಳ ತೆಗೆದು ಫ್ಯಾನಿನ ಹೊದಿಕೆಯನ್ನು ಎತ್ತಿದರೆ, ಫ್ಯಾನಿನ ಬಾಯಿಗೂ ಲೋಹದ ಹಾಳೆಗಳಿಗೂ ನಡುವೆ ಬೂದುಬಣ್ಣದ ಕಂಬಳಿಯಂತೆ ಹೆಣೆದುಕೊಂಡ ಧೂಳು ಕಾಣುತ್ತದೆ. ಬಟ್ಟೆಯ ನೂಲಿನ ಎಳೆ, ತಲೆಗೂದಲು, ರಸ್ತೆಯ ಪುಡಿಮಣ್ಣು ಸೇರಿ ಆದ ಈ ಪದರವನ್ನು ಕೆಲವೊಮ್ಮೆ ಇಡಿಯಾಗಿ ಒಂದೇ ಪಟ್ಟಿಯಂತೆ ಎಳೆದು ತೆಗೆಯಬಹುದು. ಹೊರಗಿನಿಂದ ಕಿಂಡಿ ಸ್ವಚ್ಛವಾಗಿ ಕಂಡರೂ ಒಳಗೆ ಗಾಳಿಯ ದಾರಿ ಮುಕ್ಕಾಲು ಪಾಲು ಮುಚ್ಚಿರುತ್ತದೆ, ಇಂಥ ಯಂತ್ರಕ್ಕೆ ಪ್ಯಾಡ್ ಇಡುವುದೆಂದರೆ ಕಟ್ಟಿಕೊಂಡ ಕೊಳವೆಗೆ ಇನ್ನಷ್ಟು ಗಾಳಿಯ ಜೊತೆ ಇನ್ನಷ್ಟು ಧೂಳನ್ನೂ ತುಂಬಿದಂತೆ. ಬ್ಲೋವರಿನಿಂದ ಧೂಳು ಊದುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದಲೋ ಕಡ್ಡಿಯಿಂದಲೋ ತಡೆಹಿಡಿಯಬೇಕು, ಇಲ್ಲದಿದ್ದರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಧೂಳಿನ ಜೊತೆಗೆ ಪೇಸ್ಟೂ ಇದೆ: ಬಿಸಿ ತಂಪುಗಳ ಆವರ್ತದಲ್ಲಿ ಅದು ಒಣಗಿ, ಅಥವಾ ಚಿಪ್ಪಿನ ನಡುವಿನಿಂದ ಅಂಚಿಗೆ ಸರಿದು, ಶಾಖ ದಾಟುವ ದಾರಿಯನ್ನು ಕೆಡಿಸುತ್ತದೆ. ಹಳೆಯ ಯಂತ್ರಗಳಲ್ಲಿ ಧೂಳು ತೆಗೆಸಿ ಪೇಸ್ಟ್ ಬದಲಿಸುವುದರಿಂದ ಆಗುವ ಲಾಭ ಸಾಮಾನ್ಯ ಪ್ಯಾಡಿನದ್ದನ್ನು ಸುಲಭವಾಗಿ ಮೀರಿಸುತ್ತದೆ, ಸರ್ವೀಸ್ ಅಂಗಡಿಯಲ್ಲಿ ಅದಕ್ಕೆ ತಗಲುವ ಖರ್ಚೂ ಒಂದು ಒಳ್ಳೆಯ ಪ್ಯಾಡಿನ ಬೆಲೆಗಿಂತ ಸಾಮಾನ್ಯವಾಗಿ ಹೆಚ್ಚೇನಲ್ಲ.

ಎಲ್ಲಕ್ಕಿಂತ ಪರಿಣಾಮಕಾರಿಯಾದ ಉಪಾಯಕ್ಕೆ ದುಡ್ಡೇ ಬೇಕಿಲ್ಲ, ಅದು ಶಾಖ ಹುಟ್ಟುವುದನ್ನೇ ತಗ್ಗಿಸುವುದು. ಚಿಪ್ಪಿನ ವಿದ್ಯುತ್ ಬಳಕೆ ಅದರ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ, ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು; ಆದ್ದರಿಂದ ಎರಡನ್ನೂ ಶೇ 10ರಷ್ಟು ಇಳಿಸಿದರೆ ವಿದ್ಯುತ್ ಸರಿಸುಮಾರು ಶೇ 27ರಷ್ಟು ಇಳಿಯುತ್ತದೆ. ಮೇಲಿನ ಉದಾಹರಣೆಯ 65 ಡಿಗ್ರಿ ಅಂತರಕ್ಕೆ ಈ ಲೆಕ್ಕ ಅನ್ವಯಿಸಿದರೆ ಹದಿನೇಳು ಡಿಗ್ರಿಯಷ್ಟು ಇಳಿಕೆ ಎಂದಾಯಿತು. ವಾಸ್ತವದಲ್ಲಿ ಅಷ್ಟು ಸಿಗದಿದ್ದರೂ, ಅಗ್ಗದ ಪ್ಯಾಡುಗಳು ಇದರ ಹತ್ತಿರ ಸುಳಿಯಲಾರವು. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರಿನ ಗರಿಷ್ಠ ಸ್ಥಿತಿಯನ್ನು ಶೇ 100ರಿಂದ 99ಕ್ಕೆ ಇಳಿಸಿದರೆ ಹೆಚ್ಚಿನ ಇಂಟೆಲ್ ಯಂತ್ರಗಳಲ್ಲಿ ಟರ್ಬೊ ವೇಗವೇ ನಿಂತುಹೋಗುತ್ತದೆ; ತಯಾರಕರು ಕೊಟ್ಟಿರುವ ಸೈಲೆಂಟ್ ಅಥವಾ ಕ್ವಯಟ್ ಎಂಬ ಆಯ್ಕೆಯೂ ವಿದ್ಯುತ್ ಮಿತಿಯನ್ನು ತಗ್ಗಿಸಿ ಹೀಗೆಯೇ ಕೆಲಸ ಮಾಡುತ್ತದೆ; ಆಟಗಳಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ 60ರ ಮಿತಿ ಹಾಕಿದರೆ ಗ್ರಾಫಿಕ್ಸ್ ಚಿಪ್ಪಿನ ಹೊರೆ ಅರ್ಧಕ್ಕೆ ಇಳಿಯುವ ಸಂದರ್ಭಗಳಿವೆ. ವೇಗ ಹಾಗೆಯೇ ಇಟ್ಟು ವೋಲ್ಟೇಜನ್ನು ಮಾತ್ರ ಇಳಿಸುವ ಅಂಡರ್‌ವೋಲ್ಟಿಂಗ್ ಎಂಬ ವಿಧಾನವೂ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ವೋಲ್ಟೇಜ್ ಬದಲಿಸುವ ಇದೇ ಸೌಲಭ್ಯವನ್ನು ಬಳಸಿ ಚಿಪ್ಪಿನ ರಕ್ಷಣೆಯನ್ನು ಭೇದಿಸಬಹುದೆಂದು ಬರ್ಮಿಂಗ್‌ಹ್ಯಾಮ್, ಗ್ರಾಜ್ ಮತ್ತು ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಹೆಸರಿನಲ್ಲಿ ತೋರಿಸಿದ ಮೇಲೆ, ತಯಾರಕರು ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಆ ಬಾಗಿಲನ್ನು ಮುಚ್ಚಿದರು.

ಫ್ಯಾನೇ ಇಲ್ಲದ ಲ್ಯಾಪ್‌ಟಾಪುಗಳೂ ಇವೆ. 2020ರ ನವೆಂಬರಿನಲ್ಲಿ ಎಮ್1 ಚಿಪ್ಪಿನೊಂದಿಗೆ ಬಂದ ಮ್ಯಾಕ್‌ಬುಕ್ ಏರ್ ಅಂಥದ್ದು. ಅದರ ಅಡಿಯಲ್ಲಿ ಕಿಂಡಿಗಳೇ ಇಲ್ಲ, ಶಾಖ ಅಲ್ಯೂಮಿನಿಯಂ ಮೈಯ ಮೂಲಕ ಹೊರಗೆ ಹೋಗಬೇಕು. ಇದಕ್ಕೆ ಪ್ಯಾಡಿನ ಗಾಳಿ ಒಳಹೋಗುವ ಪ್ರಶ್ನೆಯೇ ಬಾರದಿದ್ದರೂ ಲೋಹದ ಅಡಿಮೈಯನ್ನು ಅದು ತಣಿಸುವುದರಿಂದ ದೀರ್ಘ ಹೊರೆಯಲ್ಲಿ ವೇಗ ಕುಸಿಯುವುದು ಸ್ವಲ್ಪ ತಡವಾಗುತ್ತದೆ. ಸದ್ದಿಲ್ಲದ ಯಂತ್ರವನ್ನು ಕೊಂಡು ಅದಕ್ಕೆ ಸದ್ದಿನ ಪ್ಯಾಡನ್ನು ಜೋಡಿಸುವುದು ಮಾತ್ರ ವಿಚಿತ್ರವೇ ಸರಿ.

ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಳ್ಳುವವರು ಪ್ಯಾಡನ್ನು ಮೈಯ ರಕ್ಷಣೆಗೆಂದೂ ಕೊಳ್ಳುತ್ತಾರೆ. ಬಿಸಿ ಯಂತ್ರ ದಿನವೂ ಗಂಟೆಗಟ್ಟಲೆ ಒಂದೇ ಜಾಗಕ್ಕೆ ತಾಗಿದರೆ ಚರ್ಮದ ಮೇಲೆ ಬಲೆಯಂಥ ಕಂದು ಕಲೆ ಮೂಡುವುದನ್ನು ವೈದ್ಯರು ದಾಖಲಿಸಿದ್ದಾರೆ. ಸ್ವಿಟ್ಜರ್ಲೆಂಡಿನ 12 ವರ್ಷದ ಹುಡುಗನೊಬ್ಬನ ಪ್ರಕರಣ 2010ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಇದಕ್ಕೆ ನಡುವೆ ಯಾವುದೇ ಗಟ್ಟಿ ಹಲಗೆ ಇದ್ದರೂ ಸಾಕು. ಆದರೆ ಗಂಡಸರ ವೃಷಣದ ಉಷ್ಣಾಂಶದ ಬಗ್ಗೆ ಅಮೆರಿಕದ ಸ್ಟೋನಿ ಬ್ರೂಕ್‌ನಲ್ಲಿ ನಡೆದ ಅಧ್ಯಯನಗಳ ಫಲಿತಾಂಶ ಬೇರೆ. 29 ಯುವಕರ ಮೇಲೆ ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗಂಟೆಯಲ್ಲಿ ಎರಡೂವರೆ ಡಿಗ್ರಿಗೂ ಮೀರಿದ ಏರಿಕೆ ಕಂಡುಬಂದಿತ್ತು. ಮುಂದಿನ ಅಧ್ಯಯನದಲ್ಲಿ ತೊಡೆಯ ಮೇಲೆ ಪ್ಯಾಡ್ ಇಟ್ಟು ನೋಡಿದಾಗಲೂ ಏರಿಕೆ ನಿಲ್ಲಲಿಲ್ಲ, ಏಕೆಂದರೆ ಯಂತ್ರವನ್ನು ಬೀಳದಂತೆ ಹಿಡಿಯಲು ಕಾಲುಗಳನ್ನು ಜೋಡಿಸಿ ಕೂರುವ ಭಂಗಿಯೇ ಬಿಸಿಯ ದೊಡ್ಡ ಕಾರಣವಾಗಿತ್ತು.

ಕೊಳ್ಳುವ ಮುನ್ನ ಪರೀಕ್ಷಿಸಿ ನೋಡಲು ಬಯಸುವವರು ಲ್ಯಾಪ್‌ಟಾಪನ್ನು ತಿರುಗಿಸಿ, ಗಾಳಿಯ ಕಿಂಡಿಗಳು ಎಲ್ಲಿವೆ, ಎಷ್ಟಿವೆ, ಅವುಗಳ ಹಿಂದೆ ಫ್ಯಾನು ಕಾಣುತ್ತದೆಯೇ ಎಂಬುದನ್ನು ಟಾರ್ಚ್ ಬಿಟ್ಟು ನೋಡಬೇಕು. ಜಾಲರಿಯಂತೆ ಕಾಣುವ ಭಾಗದ ಬಹುಪಾಲು ಒಳಗಡೆ ಮುಚ್ಚಿದ ಅಲಂಕಾರವಾಗಿರುವುದು ಅಪರೂಪವಲ್ಲ. ಆಮೇಲೆ ಎಚ್‌ಡಬ್ಲ್ಯೂ ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಉಷ್ಣಾಂಶ, ಪ್ರೊಸೆಸರಿನ ವೇಗ, ವಿದ್ಯುತ್ ಬಳಕೆ ಮೂರನ್ನೂ ಗಮನಿಸುತ್ತ, ಒಂದೇ ಕೆಲಸವನ್ನು ಅರ್ಧ ಗಂಟೆ ಮೇಜಿನ ಮೇಲೆ ಒಮ್ಮೆ, ಹಿಂಬದಿಗೆ ಪುಸ್ತಕ ಇಟ್ಟು ಎತ್ತರಿಸಿ ಇನ್ನೊಮ್ಮೆ ಮಾಡಿಸಬೇಕು. ಎರಡನೆಯ ಸಲ ಉಷ್ಣಾಂಶ ಇಳಿದಿದ್ದರೆ, ಅಥವಾ ಅದು ಇಳಿಯದೆ ವೇಗವೂ ವಿದ್ಯುತ್ತೂ ಏರಿದ್ದರೆ, ಆ ಯಂತ್ರಕ್ಕೆ ಗಾಳಿಯ ಕೊರತೆ ಇದೆ, ಪ್ಯಾಡಿನಿಂದ ಇನ್ನೂ ತುಸು ಲಾಭ ಸಿಕ್ಕೀತು. ಮೂರರಲ್ಲಿ ಯಾವುದೂ ಅಲುಗದಿದ್ದರೆ ತಡೆ ಇರುವುದು ಒಳಗೆ. ಎರಡೂ ಅಳತೆಗಳನ್ನು ಒಂದೇ ಹೊತ್ತಿನಲ್ಲಿ, ಅದೇ ಕೋಣೆಯಲ್ಲಿ, ಚಾವಣಿಯ ಫ್ಯಾನಿನ ವೇಗವನ್ನೂ ಬದಲಿಸದೆ ತೆಗೆದುಕೊಳ್ಳಬೇಕು. ಮಧ್ಯಾಹ್ನದ ಅಂಕಿಯನ್ನು ರಾತ್ರಿಯ ಅಂಕಿಯ ಪಕ್ಕದಲ್ಲಿಟ್ಟರೆ ಹವೆಯ ವ್ಯತ್ಯಾಸವೇ ಪುಸ್ತಕದ ಗುಣವಾಗಿ ಕಾಣಿಸಿಕೊಳ್ಳುತ್ತದೆ.